ಬೆಸುಗೆಯಡಿಯ ಹೆಸರು

“ಬಿಲ್ಲೆ ಬೆನ್ನಿನ ಆ ಬೆಸುಗೆ ಮಾತ್ರ ಬಿಚ್ಬೇಡಿ ಹೆರ್ ಟಿಗ್ಗೆಸ್. ಅದರಡಿ ಮಾಡಿದೋಳ ಹೆಸರಿದೆ. ಯಾರಾದ್ರೂ ಆ ಹೆಸರು ಎತ್ತಿದ್ರೆ ನಮ್ಮಪ್ಪನ ಗಾಯ ಬಾಯಿ ಬಿಡತ್ತೆ.”

“ನಿಮ್ಮಪ್ಪ ತೀರ್ಕೊಂಡು ಐವತ್ತು ವರ್ಷ ಆಯ್ತಲ್ಲ ಫ್ರೌ ಪೀಪರ್! ಇನ್ನೆಲ್ಲಿಯ ಗಾಯ?”

“ಗಾಯಕ್ಕೂ ವಾರಸುದಾರರು ಇರ್ತಾರೆ,” ಎಂದಳು ಮುದುಕಿ.

ಫೋಲ್ಕ್‌ಮಾರ್ ಟಿಗ್ಗೆಸ್ ನಕ್ಕ. ಆದರೂ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ: ನೋಡುತ್ತೇನೆ, ಮುಟ್ಟುವುದಿಲ್ಲ. ಎಂಬತ್ತೆಂಟರ ಹೆಡ್ವಿಗ್ ಪೀಪರ್ ನಂಬಿದಳು. ಪ್ಲಮ್ ಕೇಕ್ ತರಲು ಗೋಡೆ ಹಿಡಿದು ನೆಲಮಾಳಿಗೆಗೆ ಇಳಿದಳು.

ಮೇಜಿನ ಮೇಲೆ ಅವಳಪ್ಪನ ಬಿಲ್ಲೆಯಿತ್ತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳಿಗೆ ಹಂಚಿದ ಕಪ್ಪು ತಗಡು. ಗುಂಡೇಟಿಗೆ ಭುಜ ಕೊಟ್ಟು ಬಂದವನ ಎದೆಗೆ ಭಾರವಾಗಬಾರದು ನೋಡಿ, ಅದಕ್ಕೇ ತೆಳ್ಳಗಿತ್ತು. ಬಣ್ಣ ಸವೆದು ಅಂಚಿನಲ್ಲಿ ಕಬ್ಬಿಣ ಇಣುಕುತ್ತಿತ್ತು. ಬೆನ್ನಿಗೆ ಯಾರೋ ಅಡುಗೆಮನೆಯಲ್ಲೇ ಕಾಸಿ ಸುರಿದ ಸೀಸದ ಗಡ್ಡೆ. ಪಿನ್ನಿನ ಬುಡ ಅದರಲ್ಲಿ ಹೂತುಹೋಗಿತ್ತು.

ಲ್ಯೂಡನ್‌ಶೈಡ್ ಊರಿನ ಕಾರ್ಖಾನೆಯ ಯಾವ ಕೈ ಇದನ್ನು ಮಾಡಿತು ಎಂದು ಅವನಿದ್ದ ಬಿಲ್ಲೆ ಸಂಗ್ರಾಹಕರ ಫೋನ್ ಗುಂಪಿನಲ್ಲಿ ಆರು ವರ್ಷದಿಂದ ಕದನ. ಒಂದು ದಿನವೂ ಬೂಟು ಕೆಸರು ಮಾಡಿಕೊಳ್ಳದ ಆ ನಾನೂರು ಯುದ್ಧತಜ್ಞರ ಬಾಯಿ ಮುಚ್ಚಿಸಬೇಕಿತ್ತು. ಇವತ್ತೇ.

ಟಿಗ್ಗೆಸ್ ಜೇಬಿನಿಂದ ಪುಟ್ಟ ಗ್ಯಾಸ್ ಬರ್ನರ್ ತೆಗೆದು ಬೆಸುಗೆಗೆ ಹಿಡಿದ. ಸೀಸ ಬೆವರಿತು. ಕರಗಿತು. ರಾಳದ ಘಾಟಿನ ಬೆನ್ನಿಗೇ ಸುಟ್ಟ ಕೂದಲಿನ ಕಮಟು. ಪಿನ್ನಿನ ಬುಡಕ್ಕೆ ಸುತ್ತಿದ್ದ ಬಿಳಿ ಎಳೆಯೊಂದು ಉರಿಯಲ್ಲಿ ಹುಳದ ಹಾಗೆ ಹೊರಳಿತು. ಅದರಡಿ, ಮೊಳೆಯಿಂದ ಕೊರೆದ ಅಕ್ಷರಗಳು.

“ಆಲ್ವಿನೆ ಡೋರ್ನ್!” ಅವನು ಕುಣಿದೇಬಿಟ್ಟ.

ಕೆಳಗೆ ತಟ್ಟೆ ಒಡೆಯಿತು.

ಓಡಬೇಕಿತ್ತು. ಅವನು ಮೊದಲು ಫೋಟೊ ತೆಗೆದ. ಗುಂಪಿಗೆ ಹಾಕಿದ. ಆಮೇಲೆ ಓಡಿದ.

ನೆಲಮಾಳಿಗೆಯಲ್ಲಿ ಕತ್ತಲೆ. ಹಳೇ ಕಲ್ಲಿದ್ದಲು, ಪ್ಲಮ್ ಹಣ್ಣು, ರಕ್ತ, ಮೂರೂ ಒಟ್ಟಿಗೇ ಮೂಗಿಗೆ ಬಡಿದವು. ಹೆಡ್ವಿಗ್ ಕೊನೆಯ ಮೆಟ್ಟಿಲಲ್ಲಿ ಕುಸಿದಿದ್ದಳು. ಎಡಭುಜದಲ್ಲಿ ಹೆಬ್ಬೆರಳು ತೂರುವಷ್ಟು ತೂತು.

“ಅಂದ್ಬಿಟ್ರಾ?”

“ಒಂದೇ ಸಲ... ಒಂದೇ ಒಂದು ಸಲ...”

“ಬಿಲ್ಲೆ ಮಾಡಿದೋಳ ಮಗ ಗಾಯ ಮಾಡ್ಕೊಂಡು ಮನೆಗೆ ಬಂದಿದ್ದ. ಎದೆಗೆ ಬಿಲ್ಲೆ ಚುಚ್ಚಿ ಮತ್ತೆ ಯುದ್ಧಕ್ಕೆ ಕಳಿಸಿದ್ರು. ಸತ್ತ. ಆ ಬಿಲ್ಲೆಗಳಿಗೆ ಪಿನ್ನು ಕೂರಿಸೋದೇ ಅವಳ ಕೆಲಸ. ಕೂದಲು ಸುತ್ತಿ ಮಾಟ ಮಾಡಿದ್ಲು. ನನ್ನ ಹೆಸರು ಎದ್ದಾಗೆಲ್ಲ ಗಾಯ ಏಳ್ಲಿ, ಈ ಗಾಯ ಮಾಡಿದ್ದು ನಾನು ಅಂತ ಊರ ಮುಂದೆ ಒಪ್ಪಿದೋನಿಗೇ ಅದು ಅಂಟ್ಕೊಳ್ಲಿ ಅಂತ. ಯುದ್ಧಕ್ಕೆ ಕಳಿಸಿದೋರು ಒಬ್ರೂ ಒಪ್ಲಿಲ್ಲ. ಕೊನೆಗೆ ಅಪ್ಪ ಸೀಸ ಸುರಿದು ಹೆಸರನ್ನೇ ಮುಚ್ಚಿದ್ರು.”

ಜೇಬಿನಲ್ಲಿ ಫೋನು ಗುಂಯ್ ಎಂದಿತು. ಮುದುಕಿ ಚೀರಿದಳು. ಮತ್ತೆ ಗುಂಯ್. ರಕ್ತ ಚಿಮ್ಮಿತು.

‘ಭೇಷ್ ಟಿಗ್ಗೆಸ್! ಆಲ್ವಿನೆ ಡೋರ್ನ್!’ ‘ಡೋರ್ನ್ ಅಂತ ನಾನಾಗ್ಲೇ ಹೇಳಿರ್ಲಿಲ್ವಾ?’ ಹೇಳದವರೂ ಹೇಳಿದ್ದೆವು ಅನ್ನುತ್ತಿದ್ದರು. ಒಂದೊಂದು ಚಪ್ಪಾಳೆಗೂ ಒಂದೊಂದು ಚಿಲುಮೆ. ಫೋಟೊ ಅಳಿಸಿದ. ಅಷ್ಟರಲ್ಲಿ ಎಲ್ಲರೂ ಇಳಿಸಿಕೊಂಡಾಗಿತ್ತು.

“ಕೇಕನ್ನ ಮೇಲಕ್ಕೆ ತಗೊಂಡ್ಹೋಗಿ,” ಹೆಡ್ವಿಗ್ ಉಸುರಿದಳು. “ನಿಮಗೇ ಅಂತ ಮಾಡಿದ್ದು.”

ಅವನು ಮತ್ತೆ ಗುಂಪು ತೆರೆದ. ಬರೆದ: ‘ಮುಟ್ಟಲ್ಲ ಅಂತ ಮಾತು ಕೊಟ್ಟು ಮುದುಕಿಗೆ ಮೋಸ ಮಾಡಿದೆ. ಈ ಗಾಯ ಮಾಡಿದ್ದು ನಾನು, ಫೋಲ್ಕ್‌ಮಾರ್ ಟಿಗ್ಗೆಸ್.’ ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ನಾನೂರು ಜನ. ಆರು ವರ್ಷದ ಮರ್ಯಾದೆ. ಬೆರಳು ಅಲ್ಲೇ ನಿಂತಿತ್ತು.

ಗುಂಯ್. ಹೆಡ್ವಿಗ್‌ಳ ಎಡಗೈ ಸತ್ತ ಹಾವಿನಂತೆ ಜೋತುಬಿತ್ತು.

ಒತ್ತಿದ.

ಅವಳ ಭುಜದ ತೂತು ಕೂಡಿಕೊಂಡಿತು. ಅವನ ಅಂಗಿಯ ಎಡಭುಜ ಬಿಸಿಯಾಯಿತು. ಒದ್ದೆಯಾಯಿತು. ಮುದುಕಿಯ ಕೈ ಮಾತ್ರ ಮೇಲೇಳಲಿಲ್ಲ. ಅವಳು ಬಲಗೈಯಿಂದ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು. ಮತ್ತೆ ಕೇಕಿನತ್ತಲೇ ಕಣ್ಣು ತೋರಿದಳು. ಬೈದಿದ್ದರೆ ಬದುಕುತ್ತಿದ್ದ.

ಫೋನು ನಡುಗಿತು. ಅವನು ಹಲ್ಲು ಕಚ್ಚಿ ಓದಿದ.

‘ಗಾಯ ಗೀಯ ಹಾಳಾಗ್ಲಿ ಮಾರಾಯ. ಆಲ್ವಿನೆ ಡೋರ್ನ್ ತಾನೆ? ನಮ್ಮ ಪುಸ್ತಕದ ಹೊದಿಕೆ ಮೇಲೇ ಆ ಹೆಸರು ಹಾಕ್ತಿದೀವಿ. ಎರಡು ಸಾವಿರ ಪ್ರತಿ.’