ಹೇಳಿದವರ ಹೆಸರು

ಆಳಿಲ್ಲದೆ ತಾನೇ ನಡೆಯುತ್ತಿದ್ದ ಬಿತ್ತುವ ಯಂತ್ರ ಹೊಲದ ನಡುವೆ ಗಕ್ಕನೆ ನಿಂತಿತು. ನೆರೆಮನೆ ಚಂದ್ರವ್ವನ ಸೊಸೆ ಕೊರಳಲ್ಲಿದ್ದ ಮಾತಾಡುವ ಬಿಲ್ಲೆಯನ್ನು ಬಾಯಿಗೆ ಹಿಡಿದು, "ಬೀಜ ಇಳೀವಲ್ದು" ಎಂದಳು. ಉಸಿರು ಬಿಡುವಷ್ಟರಲ್ಲಿ ಬಿಲ್ಲೆಯಿಂದ ಉತ್ತರ ಬಂತು: "ಎಡಗಡೆ ಮುಚ್ಚಳ ತಗೀರಿ. ಮಣ್ಣು ಸೇರಿರತೈತಿ, ಕಡ್ಡೀಲೆ ಕೆದರ್ರಿ." ಯಂತ್ರ ಮತ್ತೆ ಹೊರಟಿತು.

ಬದುವಿನ ಮೇಲೆ ಕೂತು ನೋಡುತ್ತಿದ್ದ ನೀಲವ್ವನಿಗೆ ಇದೇನೂ ಹೊಸದಲ್ಲ. ಯರೇಹಾಳಕ್ಕೆ ನೆರವಿನ ಸರ್ವರ್ ಬಂದು ಇಪ್ಪತ್ತು ವರ್ಷವಾಗಿತ್ತು. ಪಂಚಾಯ್ತಿ ಕೋಣೆಯಲ್ಲಿ ಕೂತ ಆ ಕಂಪ್ಯೂಟರಿಗೆ ಊರಿನವರು ತಮಗೆ ಗೊತ್ತಿದ್ದ ಕೆಲಸವನ್ನು ಬಾಯಲ್ಲೇ ಹೇಳಿದರೆ ಸಾಕು, ಅದು ಹೇಳಿದ್ದನ್ನೆಲ್ಲ ಪುಟ ಮಾಡಿ ಜೋಡಿಸಿಟ್ಟು, ಬಿಲ್ಲೆಯಲ್ಲಿ ಕೇಳಿದವರಿಗೆ ಹುಡುಕಿ, ಹೇಳಿದವರ ದನಿಯಲ್ಲೇ ಕೇಳಿಸುತ್ತಿತ್ತು. ಒಂದೇ ಕೆಲಸಕ್ಕೆ ಎರಡು ಪುಟವಿದ್ದರೆ ಹೊಸದನ್ನೇ ಕೊಡುತ್ತಿತ್ತು. ಹಳೆಯದು ಬೇಕೆಂದರೆ ಹೇಳಿದವರ ಹೆಸರು ಹೇಳಬೇಕು.

ನೀಲವ್ವನ ಸಂಕಟವೇ ಅದು. ಮೊದಲ ವರ್ಷ ಅವಳ ಗಂಡ ಬೀಜ ಬಿತ್ತುವ ಮರದ ಕೂರಿಗೆಗೆ ನೆಲ ಸೀಳುವ ತಾಳು ಬಿಗಿಯುವುದನ್ನು ಹೇಳಿದ್ದ. ಅವನು ತೀರಿ ಹನ್ನೊಂದು ವರ್ಷ. "ಕೂರಿಗಿ" ಎಂದರೆ ಬಿಲ್ಲೆ ಹೊಸ ಯಂತ್ರದ ಮಾತನ್ನೇ ಎತ್ತುತ್ತಿತ್ತು. ಗಂಡನ ಹೆಸರು ಮಾತ್ರ ಅವಳ ನಾಲಿಗೆಗೆ ಬಾರದು, ಒಮ್ಮೆಯೂ ಆಡಿದ್ದಿಲ್ಲ. ಇನ್ನೊಬ್ಬರ ಕೈಲಿ ಹೇಳಿಸೋಣವೆಂದರೆ, ಈ ವಯಸ್ಸಿನಲ್ಲಿ ಗಂಡನ ದನಿ ಬೇಕಾಯಿತಂತೆ ಎಂದು ನಕ್ಕಾರು.

ಮರುದಿನ ಸರ್ವರ್ ಕಟ್ಟಿದ ವಿಜ್ಞಾನಿ ಡಾ. ಶಶಿರೇಖಾ ತೋಟದ ಊರಿಗೆ ಬಂದರು. ಊರೂರಿನ ಸರ್ವರುಗಳನ್ನು ಒಂದುಗೂಡಿಸುವುದಿತ್ತು; ಹತ್ತು ವರ್ಷ ಯಾರೂ ಕೇಳದ ಪುಟಗಳನ್ನು ಅಳಿಸುವುದಿತ್ತು. ಪಂಚಾಯ್ತಿ ಕೋಣೆಯಲ್ಲಿ ಜನರ ಮುಂದೆ ಪಟ್ಟಿ ಓದಿದರು: "ಕೂರಿಗೆಯ ತಾಳು. ಹೇಳಿದವರು ಫಕೀರಪ್ಪ ಬಡಿಗೇರ."

ನೀಲವ್ವ ಸೆರಗು ಎಳೆದುಕೊಂಡು ಎದ್ದಳು. "ಅದನ್ನ ತಗೀಬ್ಯಾಡ್ರಿ ಬಾಯಾರ."

"ಯಾರೂ ಕೇಳೇ ಇಲ್ಲಲ್ಲ, ಅಮ್ಮಾ?"

"ನಾ ಕೇಳೀನ್ರಿ. ದಿನಾ ಕೇಳೀನಿ."

"ಏನಂತ ಕೇಳಿದ್ಯವ್ವಾ?" ಪಕ್ಕದಲ್ಲಿದ್ದ ಚಂದ್ರವ್ವ ಕಿಸಕ್ಕನೆ ನಕ್ಕಳು. "ಹೆಸರ ಹೇಳಾಕ ಬಾಯಿಲ್ಲ ಈಕಿಗೆ!"

ಶಶಿರೇಖಾ ನಗಲಿಲ್ಲ. ಉತ್ತರ ಸಿಗದ ಪ್ರಶ್ನೆಗಳನ್ನೂ ಸರ್ವರ್ ಒಂದು ಕಡೆ ಬರೆದಿಡುತ್ತಿತ್ತು. ಅದನ್ನು ತೆರೆದರು. 'ನಮ್ಮನಿಯವರು ಹೇಳಿದ್ದು ಹಾಕು.' ಅದರ ಕೆಳಗೆ ಮತ್ತೆ ಅದೇ. ಹನ್ನೊಂದು ವರ್ಷದಲ್ಲಿ ಸುಮಾರು ನಾಲ್ಕು ಸಾವಿರ ಸಲ. ಪ್ರತಿ ಸಲವೂ ಸರ್ವರ್ ಕೊಟ್ಟ ಜವಾಬು ಒಂದೇ: 'ಹೆಸರು ಹೇಳಿ.'

"ಎಷ್ಟು ಉತ್ತರ ಕೊಟ್ಟಿದೆ ಅಂತ ಪ್ರತಿ ತಿಂಗಳೂ ನೋಡ್ತಿದ್ದೆ. ಇದನ್ನ ಒಂದು ದಿನಾನೂ ತೆಗೆದು ನೋಡಲಿಲ್ಲ" ಎಂದು ಶಶಿರೇಖಾ ಸಣ್ಣ ದನಿಯಲ್ಲಿ ಹೇಳಿ, ಸರ್ವರಿಗೆ ತಾವೇ ಆ ಹೆಸರು ಹೇಳಿದರು.

ಕೋಣೆಯಲ್ಲಿ ಗಂಡಸಿನ ದನಿ ಎದ್ದಿತು. "ತಾಳು ಮೂರೂ ಒಂದ ಸಮ ಇರಬೇಕು. ಬೆಣಿ ಹೊಡಿಯೂಮುಂದ ಅವಸರ ಮಾಡಬಾರ್ದು..." ನಡುವೆ ಕೆಮ್ಮು. "ಏ, ಕೇಳತೈತೇನು? ಒಂದ್ ಚರಿಗಿ ನೀರು ತಾ." ದೂರದಿಂದ ಹೆಣ್ಣುದನಿ: "ಬಂದ್ನಿ, ಬಂದ್ನಿ."

ಆ ದನಿ ತನ್ನದೇ ಎಂದು ತಿಳಿಯಲು ನೀಲವ್ವನಿಗೆ ಒಂದು ಗಳಿಗೆ ಬೇಕಾಯಿತು. ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಕೂತಳು.

ಶಶಿರೇಖಾ ಯಾವ ಪುಟವನ್ನೂ ಅಳಿಸಲಿಲ್ಲ. ಉಳಿದ ಊರುಗಳ ಉತ್ತರ ಸಿಗದ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತ ಅಲ್ಲೇ ಕುಳಿತರು. ಓದಿದಷ್ಟೂ ಮುಗಿಯುವಂತಿರಲಿಲ್ಲ.

ಚಂದ್ರವ್ವ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡನನ್ನು ಎಬ್ಬಿಸಿ ಕೋಣೆಯ ಬಾಗಿಲಿಗೆ ಕರೆತಂದಳು.

"ಒಳಗ ಬಂದು ಏನರ ಹೇಳ್ರಿ."

"ಏನ್ ಹೇಳ್ಲಿ?"

"ದನಕ್ಕ ನೀರು ಕುಡಸೋದು ಹೆಂಗಂತ ಹೇಳ್ರಿ."

"ಹುಚ್ಚೀ, ಅದು ಯಾರಿಗೆ ಗೊತ್ತಿಲ್ಲ?"

"ಎಲ್ಲಾರಿಗೂ ಗೊತ್ತೈತಿ" ಎಂದಳು ಚಂದ್ರವ್ವ. "ನೀವು ಹೇಳ್ರಿ."