ಕುಂಕುಮ ಹಚ್ಚಿದ ಕಾರ್ಡು

"ನಮ್ಮ ಅವ್ವಗ ಮಾತು ಕಲಸ್ತೀರೇನ್ರಿ, ಸರ?"

ಬನಹಟ್ಟಿಯ ಆ ಶಾಲೆಯ ಬಾಗಿಲಲ್ಲಿ ನಿಂತು ಸಂಧ್ಯಾ ಒಂದೇ ಉಸಿರಿಗೆ ಕೇಳಿದಳು. ಕೂದಲಿಗೆ ಅಂಟಿದ್ದ ನೂಲಿನ ಎಳೆಯನ್ನು ತೆಗೆಯುವುದನ್ನೂ ಮರೆತು ಓಡಿ ಬಂದಿದ್ದಳು.

ದುರಗೇಶ ಮಾಸ್ತರ ತಬ್ಬಿಬ್ಬಾದ. "ಇದು ಒಂದನೇ ಇಯತ್ತೆ ಹುಡುಗರ ಕ್ಲಾಸ್ ಐತ್ರಿ..."

"ಗೊತ್ತೈತ್ರಿ. ನಿಮ್ಮ ಮೊಬೈಲ್‌ನ್ಯಾಗ ಚಿತ್ರ ಎದ್ದು ನಿಂತು ಹೆಸರು ಹೇಳತಾವಂತಲ್ಲ! ಅವ್ವಗ ಲಕ್ವಾ ಹೊಡದೈತಿ. ಮಾತು ಹೋಗ್ಯಾವ್ರಿ... ನನ್ನ ಹೆಸರು ಸೈತ."

ತುಂಬಿ ಬಂದ ಆ ಕಣ್ಣುಗಳನ್ನು ಕಂಡು ಅವನಿಗೆ ಇಲ್ಲ ಎನ್ನಲಾಗಲಿಲ್ಲ.

ಮಕ್ಕಳಿಗೆ ಶಬ್ದ ಕಲಿಸಲೆಂದು ಅವನೇ ಮಾಡಿದ ಚಿತ್ರದ ಕಾರ್ಡುಗಳವು. ಮೊಬೈಲಿನ ಕ್ಯಾಮೆರಾ ಹಿಡಿದರೆ, ಪರದೆಯಲ್ಲಿ ಕಾರ್ಡಿನ ಆಕಳು ಎದ್ದು ನಿಂತು ಕತ್ತು ಹೊರಳಿಸುತ್ತಿತ್ತು. ಪಕ್ಕದಲ್ಲಿ ಅಕ್ಷರ ಮೂಡಿ ಹೆಸರು ಕೇಳಿಸುತ್ತಿತ್ತು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಆ ವಿದ್ಯೆಯನ್ನು ಮಕ್ಕಳು 'ಎದ್ದೇಳೂ ಚಿತ್ರ' ಎನ್ನುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಅವನು ಅವರ ಮನೆಗೆ ಬರತೊಡಗಿದ. ಅವನ ಬೈಕಿನ ಸದ್ದು ಕೇಳಿದರೆ ಸಂಧ್ಯಾ ಮಗ್ಗ ನಿಲ್ಲಿಸುತ್ತಿದ್ದಳು. ತಾಯಿ ಕಸ್ತೂರೆವ್ವ ಪರದೆಯ ಆಕಳನ್ನು ಸವರಲು ಹೋಗಿ ನಗುತ್ತಿದ್ದಳು.

"ಆ... ಆಕ..."

"ಹೂಂ ಅವ್ವಾರ, ಇನ್ನೊಮ್ಮೆ!"

ಒಂದು ಸಂಜೆ "ಆಕಳ" ಎಂದೇಬಿಟ್ಟಳು! ಸಂಧ್ಯಾ ಖುಷಿಯಲ್ಲಿ ದುರಗೇಶನ ಕೈ ಹಿಡಿದಳು. ಹಿಡಿದದ್ದು ಗೊತ್ತಾದರೂ ಇಬ್ಬರೂ ಬಿಡಲಿಲ್ಲ...

ಮಹಾನವಮಿ ಬಂತು. ರಜೆಗೆಂದು ದುರಗೇಶ ಕಾರ್ಡುಗಳನ್ನು ಅವರ ಮನೆಯಲ್ಲೇ ಬಿಟ್ಟು ಊರಿಗೆ ಹೋಗಿದ್ದ. ಖಂಡೇಪೂಜೆಯ ದಿನ ಮಗ್ಗ, ಲಾಳಿ, ಕತ್ತರಿ ಎಲ್ಲಕ್ಕೂ ಕುಂಕುಮ ಹಚ್ಚಿದ ಸಂಧ್ಯಾಳ ಕಣ್ಣಿಗೆ ಅವು ಬಿದ್ದವು. 'ಅವ್ವಗ ಮಾತು ಕೊಟ್ಟಾವ. ಇವಕ್ಕ ಪೂಜಿ ಬ್ಯಾಡೇನು?' ಒಂದೊಂದಕ್ಕೂ ಅಕ್ಕರೆಯಿಂದ ಬೊಟ್ಟಿಟ್ಟಳು.

ರಜೆ ಮುಗಿದ ದಿನ ಶಾಲೆಯ ತಪಾಸಣೆಗೆ ಸಾಹೇಬರು ಬಂದರು. ಕಾರ್ಡಿನ ಕಟ್ಟು ಕೊಡಲು ಬಂದಿದ್ದ ತಾಯಿ-ಮಗಳು ಅದನ್ನು ಕೊಟ್ಟು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ದುರಗೇಶ ಅವಸರದಲ್ಲಿ ಕಟ್ಟು ಬಿಚ್ಚಿ ಮೊಬೈಲ್ ಹಿಡಿದ. ಆಕಳು ಏಳಲಿಲ್ಲ. ಯಾವುದೂ ಏಳಲಿಲ್ಲ! ಕುಂಕುಮ ಬಿದ್ದ ಚಿತ್ರವನ್ನು ಕ್ಯಾಮೆರಾ ಗುರುತಿಸಲೇ ಇಲ್ಲ.

ಸಾಹೇಬರು ನಕ್ಕರು. ದುರಗೇಶ ಸಿಟ್ಟಿನಿಂದ ಸಂಧ್ಯಾಳತ್ತ ತಿರುಗಿದ.

"ಪೂಜಿ ಮಾಡಾಕ ಇದೇನ್ ಮಗ್ಗಾನ್ರಿ? ಎಲ್ಲಾ ಹಾಳು ಮಾಡಿದ್ರಿ!"

ಸಂಧ್ಯಾ ತಾಯಿಯ ಕೈ ಹಿಡಿದು ಹೊರಟಳು. 'ನಾ ಜೀವ ಇಟ್ಟು ಹಚ್ಚಿದ್ದು ಇವರ ಕಣ್ಣಿಗೆ ಹೊಲಸಾಗಿ ಕಂಡಿತಲ್ಲ...'

ಅವನು ಬಂದರೂ ಅವಳು ಬಾಗಿಲು ತೆರೆಯಲಿಲ್ಲ. ಸಂಜೆಯಾದರೆ ಕಸ್ತೂರೆವ್ವ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದಳು. ಬಂದಿದ್ದ ಒಂದು ಶಬ್ದವೂ ಮತ್ತೆ ಒಳಸೇರಿತು. ಅದನ್ನು ಕಂಡಾಗಲೇ ಸಂಧ್ಯಾಳ ಸಿಟ್ಟು ಕರಗಿದ್ದು.

ದೀಪಾವಳಿಯ ಮುಂಚಿನ ಒಂದು ಸಂಜೆ ಮತ್ತೆ ಬೈಕಿನ ಸದ್ದು. ಈ ಸಲ ಅವಳು ಬಾಗಿಲು ತೆರೆದಳು.

"ಹೊಸಾ ಕಾರ್ಡ್ ತಂದೀರೇನು? ನಾ ಮುಟ್ಟಂಗಿಲ್ಲ ತಗೋರಿ!"

"ಹಳೇವ ಅದಾವ್ರಿ."

ಚಾಪೆಯ ಮೇಲೆ ಹರಡಿದ. ಅವಳು ಇಟ್ಟ ಬೊಟ್ಟು ಹಾಗೇ ಇತ್ತು. ಅಳಿಸಬಾರದೆಂದು ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿದ್ದ!

"ಒರಸಿಲ್ಲೇನ್ರಿ?"

"ಕುಂಕುಮ ಸಮೇತ ಫೋಟೋ ತೆಗೆದು ಮೊಬೈಲ್‌ನ್ಯಾಗ ಮತ್ತ ಹಾಕೇನಿ. ಈಗ ಕುಂಕುಮ ಇಲ್ದಿದ್ರ ಇದು ಗುರ್ತ ಹಿಡಿಯಾಂಗಿಲ್ಲ." ಅವನ ದನಿ ಇಳಿಯಿತು. "ಆವತ್ತ ನನ್ನ ಮರ್ಯಾದಿ ಹೋತಂತ ನಿಮ್ಮ ಮರ್ಯಾದಿ ಕಳದೆ. ತಪ್ಪಾತ್ರಿ, ಸಂಧ್ಯಾ."

ಮೊಬೈಲ್ ಹಿಡಿದ. ಆಕಳು ಎದ್ದು ನಿಂತಿತು!

ಕಸ್ತೂರೆವ್ವ ಆಕಳನ್ನು ನೋಡಲಿಲ್ಲ. ಬೆವರುತ್ತ ಕೂತಿದ್ದ ಮಾಸ್ತರನನ್ನೇ ನೋಡಿದಳು. ತುಟಿ ಅಲುಗಿತು.

"ಚಾ..."

ಚಹಾದ ಕಾರ್ಡೇ ಇರಲಿಲ್ಲ!

"ಚಾ... ಮಾಡ... ಸಂ...ಧ್ಯಾ."

"ಅವ್ವಾ!" ಸಂಧ್ಯಾ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

ಒಲೆಯ ಮೇಲೆ ಚಹಾ ಕುದಿಯುವಾಗ ದುರಗೇಶ ಅಡುಗೆಮನೆಯ ಹೊಸ್ತಿಲಾಚೆ ನಿಂತ.

"ಈ ಮನಿ ಚಾ ದಿನಾ ಕುಡೀಬೇಕಂತೇನಿ. ಮಾಸ್ತರ ಆಗಿ ಅಲ್ಲ... ಅಳಿಯ ಆಗಿ."

ಸಂಧ್ಯಾ ಚಹಾ ಇಳಿಸಿದಳು. ದೇವರ ಮಾಡದಿಂದ ಕುಂಕುಮದ ಬಟ್ಟಲು ತಂದು ಅವನ ಹಣೆಗೆ ಮೆಲ್ಲಗೆ ಬೊಟ್ಟಿಟ್ಟಳು.

"ಇದ್ಯಾಕ್ರಿ?"

"ಇರಲಿ ಬಿಡ್ರಿ," ಕಣ್ಣೀರಲ್ಲೇ ನಕ್ಕಳು. "ಇಲ್ದಿದ್ರ ನನಗೂ ಗುರ್ತ ಸಿಗಾಂಗಿಲ್ಲ."