ಉಸಿರಿನ ಅಲ್ಪವಿರಾಮ

2019ರ ಮಾರ್ಚ್ 12, ಮಂಗಳವಾರ ಬೆಳಿಗ್ಗೆ 10.20ಕ್ಕೆ ಸಂಗೀತ ಕಾಲೇಜಿನ ಪಿಯಾನೊ ಪ್ರೊಫೆಸರ್ ಠಾಣೆಗೆ ಬಂದು, ಕೂರಲು ಹೇಳುವ ಮೊದಲೇ ಕೂತರು. ಕೊಳಲು, ಓಬೊ, ಕ್ಲಾರಿನೆಟ್, ಬಸೂನ್ ಮತ್ತು ಪಿಯಾನೊಗೆಂದು 1861ರಲ್ಲಿ ಬರೆದ ಕೃತಿಯೊಂದನ್ನು ತಾವು ಕಾಲೇಜಿನ ಗ್ರಂಥಾಲಯದಲ್ಲಿ ಪತ್ತೆಹಚ್ಚಿದ್ದಾಗಿಯೂ, ಅದರ ಕ್ಲಾರಿನೆಟ್ ಹಾಳೆಗಳು ಶನಿವಾರ ಕಳವಾದವೆಂದೂ, ಬೀಗದ ಕೈ ಗ್ರಂಥಪಾಲಕಿಯ ಬಳಿ ಇರುತ್ತದೆಂದೂ ದೂರಿತ್ತರು. ಎಫ್‌ಐಆರ್ ದಾಖಲಾಯಿತು.

"ನೂರೈವತ್ತು ವರ್ಷ ಯಾರ ತುಟಿಯೂ ಸೋಕದ ಸಂಗೀತ, ಇನ್‌ಸ್ಪೆಕ್ಟರೇ. ನಿಮಗೆ ಇದೆಲ್ಲ ಅರ್ಥವಾಗೋದು ಕಷ್ಟ."

"ಕಳವು ಅರ್ಥವಾಗುತ್ತೆ, ಬಿಡಿ."

11.40ಕ್ಕೆ ಗ್ರಂಥಾಲಯದಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕಾಲೇಜು ಗ್ರಂಥಪಾಲಕಿಯನ್ನು ಆಗಲೇ ಅಮಾನತು ಮಾಡಿತ್ತು. ಆಕೆ, ಯಾರೂ ಕೇಳುವ ಮೊದಲೇ, ತಮ್ಮ ಚೀಲವನ್ನು ಮೇಜಿನ ಮೇಲೆ ಸುರಿದರು.

"ಬೀಗದ ಕೈ ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?"

"ಪ್ರೊಫೆಸರಿಗೇ ಕೊಟ್ಟಿದ್ದೆ ಸಾರ್. ಇದೇನು ಮರೆತುಹೋದ ಸಂಗೀತ ಅಲ್ಲ. ನಮ್ಮಪ್ಪ ಇಲ್ಲೇ ಹುಡುಕಿ ತೆಗೆದು ಕ್ಲಾರಿನೆಟ್ಟಲ್ಲಿ ನುಡಿಸಿದ್ರು. ಹೇಳಿದ್ರೆ ಇವರು ನಕ್ಕುಬಿಟ್ರು."

"ನಿಮ್ಮಪ್ಪ ಬೀದಿ ಬ್ಯಾಂಡಿನವರಲ್ವೇನಮ್ಮ?" ಎಂದು ಪ್ರೊಫೆಸರ್ ಮತ್ತೊಮ್ಮೆ ನಕ್ಕರು.

ಆ ಕೃತಿ ನುಡಿಸಲಿದ್ದ ಶುಕ್ರವಾರದ ಸಂಗೀತ ಕಛೇರಿ ನಿಲ್ಲುವುದಿಲ್ಲವಂತೆ. ಪಿಯಾನೊದವರ ಪ್ರತಿಯಲ್ಲಿ ಎಲ್ಲರ ಸ್ವರಗಳೂ ಇರುವುದರಿಂದ, ಕಳವಾದ ಮೇಲೆ ಅದನ್ನು ನೋಡಿಯೇ ಕ್ಲಾರಿನೆಟ್ ಭಾಗವನ್ನು ಮತ್ತೆ ಬರೆದೆ ಎಂದು ಪ್ರೊಫೆಸರ್ ಹೊಸ ಹಾಳೆ ತೋರಿಸಿದರು.

ಇನ್‌ಸ್ಪೆಕ್ಟರ್ ಜೊತೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಹನ್ನೆರಡು ವರ್ಷ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಠಾಣೆಯಲ್ಲಿ ಅವರ ಹೆಸರೇ ಪೀಪಿ. ಎರಡೂ ಪ್ರತಿಗಳ ಮೇಲೆ ಬೆರಳಾಡಿಸಿದರು.

"ಸಾರ್, ಹೊಸ ಹಾಳೇಲಿ ಅಲ್ಲಲ್ಲಿ ಅಲ್ಪವಿರಾಮ ಇದೆ. ಪಿಯಾನೊ ಪ್ರತೀಲಿ ಒಂದೂ ಇಲ್ಲ."

"ಏನಯ್ಯಾ ಹಾಗಂದ್ರೆ?"

"ಉಸಿರು ತೊಗೊಳ್ಳೋ ಜಾಗ. ಊದೋವ್ನು ತನ್ನ ಹಾಳೇಲಿ ತಾನೇ ಪೆನ್ಸಿಲಲ್ಲಿ ಹಾಕ್ಕೋತಾನೆ."

ಇನ್‌ಸ್ಪೆಕ್ಟರ್ ತಿರುಗಿದರು. "ಇದನ್ನ ಎಲ್ಲಿ ನೋಡಿ ಬರೆದ್ರಿ?"

"ಅದು... ಕೃತಿ ಬರೆದವರೇ ಹಾಕಿದ್ದು."

"ಯಾವ ಹಾಳೇಲಿ?"

ಪ್ರೊಫೆಸರ್ ಹೊಸ ಹಾಳೆಯನ್ನು ಮಡಚತೊಡಗಿದರು. ಬೆರಳಲ್ಲಿ ನುಡಿಸುವವರಿಗೆ ಉಸಿರಿನ ಲೆಕ್ಕ ಇರುವುದಿಲ್ಲ. ಕಳವಾದವೆಂದ ಹಾಳೆಗಳಲ್ಲಿ ಕಂಡದ್ದನ್ನೆಲ್ಲ ಶ್ರದ್ಧೆಯಿಂದ ನಕಲು ಮಾಡಿದ್ದರು.

ಮಧ್ಯಾಹ್ನ 2.15ಕ್ಕೆ ಅವರ ಕೊಠಡಿಯಲ್ಲಿ, ಪಿಯಾನೊ ಪೀಠದ ಮುಚ್ಚಳದಡಿ, ಹಾಳೆಗಳು ಸಿಕ್ಕವು. ಜೊತೆಗೊಂದು ರಬ್ಬರ್.

"ಇಷ್ಟಕ್ಕೆಲ್ಲ ಅರೆಸ್ಟಾ?"

"ಆ ಹೆಣ್ಣುಮಗಳ ಕೆಲಸ ಕಳೆಯೋವಾಗ ಹಾಗನ್ನಿಸಲಿಲ್ವಾ? ಏಳಿ."

3.05ಕ್ಕೆ ಬಂಧನ. ಕೊನೆಯ ಹಾಳೆಯ ಕೆಳ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಬರೆದು ಅರ್ಧ ಅಳಿಸಿದ, ಇಪ್ಪತ್ತೊಂಬತ್ತು ವರ್ಷ ಹಿಂದಿನ ತಾರೀಕೂ ಗ್ರಂಥಪಾಲಕಿಯ ತಂದೆಯ ಸಹಿಯೂ ಇದ್ದವು. ಇನ್ನೂ ಉಜ್ಜಿದರೆ ಹಳೆಯ ಕಾಗದ ಹರಿಯುತ್ತಿತ್ತು; ಆದ್ದರಿಂದ ಹಾಳೆಗಳನ್ನೇ ಮಾಯ ಮಾಡಿದ್ದರು. ಆ ಸಹಿ ಇರುವವರೆಗೆ, ಕೃತಿಯನ್ನು ಪತ್ತೆಹಚ್ಚಿದವರಲ್ಲಿ ಪ್ರೊಫೆಸರ್ ಎರಡನೆಯವರು.

ಪೀಪಿ ಅಳತೆಪಟ್ಟಿ ಇಟ್ಟು ಪಂಚನಾಮೆಗೆ ಸೇರಿಸಿದರು: ಸಹಿಯ ಉದ್ದ 34 ಮಿಲಿಮೀಟರ್.